ಮೂರನೇ ತರಗತಿಗೆ ವಾಪಸು ನಡೆಸಿದ ರುದ್ರಜ್ಜ

ರುದ್ರಜ್ಜ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಜಂಬವೇನಲ್ಲ. ಚಿಕ್ಕಜಾಜೂರಿನ ರೈಲ್ವೆಯಲ್ಲಿ ಕೀಮ್ಯಾನ್ ಆಗಿ ದಿನಾ ಹಳಿಗುಂಟ ನಡೆದು, ಸಡಿಲವಾದ ಕೀಲುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದವನು. ನಿವೃತ್ತನಾದ ಮೇಲೂ ಕತ್ತು ಮೇಲೇಳಲಿಲ್ಲ. ಸಂತೆಯಲ್ಲಿ ನಮ್ಮವ್ವನಿಗೆ ಎರಡು ಸಲ ಡಿಕ್ಕಿ ಹೊಡೆದಿದ್ದ.

ನಾನಾಗ ಏಳನೇ ತರಗತಿ, ಲೆಕ್ಕದಲ್ಲಿ ಪೂರ್ತಿ ಹಿಂದೆ. ಈ ಸಲವೂ ಲೆಕ್ಕ ಹೋದರೆ ಓದು ಬಿಡಿಸಿ ಹೊಲಿಗೆಗೆ ಹಾಕುವುದೆಂದು ಅಪ್ಪ ತೀರ್ಮಾನಿಸಿದ್ದ. ಅದೇ ವರ್ಷ ಹೆಡ್‌ಮೇಷ್ಟ್ರು ಹಿಂದುಳಿದ ನಮ್ಮಂಥ ಒಬ್ಬೊಬ್ಬರಿಗೂ ಪಾಠ ಹೇಳಿಕೊಡಲು ಊರಿನ ಹಿರಿಯರೊಬ್ಬರನ್ನು ಜೊತೆ ಮಾಡಿದರು. ಗೆಳತಿಗೆ ನರ್ಸಮ್ಮ ಸಿಕ್ಕರು, ನನಗೆ ರುದ್ರಜ್ಜ. ಕೆಟ್ಟೆ ಅಂದುಕೊಂಡೆ.

ಸಂಜೆ ಅವನ ಮನೆ ಜಗಲಿಯಲ್ಲಿ ಪಾಠ. ಅಜ್ಜ ಏಳನೆಯ ಪುಸ್ತಕ ತೆರೆಯಲೇ ಇಲ್ಲ. ಆರನೆಯದರಲ್ಲಿ ಒಂದು ಲೆಕ್ಕ ಕೊಟ್ಟ, ತಪ್ಪಿತು. ಐದನೆಯದಕ್ಕೆ ಹೋದ, ಅದೂ ತಪ್ಪಿತು. ಹೀಗೆ ಹಿಂದೆ ಹಿಂದೆ ನಡೆದು ಮೂರನೆಯದಕ್ಕೆ ಬಂದೆವು. ನಡುವೆ ಸೊನ್ನೆಯಿರುವ ಸಂಖ್ಯೆಯಿಂದ ಕಳೆಯುವುದು ನನಗೆ ಬರುತ್ತಿರಲಿಲ್ಲ. ನಾಚಿಕೆಯಾಗಿ, ನಾಳೆಯಿಂದ ಬರುವುದಿಲ್ಲ ಎಂದೆ.

"ಸಡಿಲ ಆಗಿರೋ ಜಾಗ ಸಿಕ್ತಲ್ಲವ್ವ, ನಾಚ್ಕೆ ಯಾಕೆ? ಕುಂತ್ಕ. ಇಲ್ಲಿಂದ ಬಿಗಿ ಮಾಡ್ಕೆಂಡು ಹೋಗಾಣ," ಎಂದ.

ಒಂದೊಂದೇ ಪುಸ್ತಕ ಮುಂದೆ ಬಂದೆವು. ಏಳನೆಯದರ ಶೇಕಡಾ ಲೆಕ್ಕ ಬಂದ ದಿನ ಅಜ್ಜ ಬಹಳ ಹೊತ್ತು ಪುಟ ನೋಡಿದ. "ನಾನು ಓದಿದ್ದು ಆರನೇ ಕ್ಲಾಸು. ಇದು ನಂಗೂ ಬರಲ್ಲ ಕಣವ್ವ. ಮೇಷ್ಟ್ರನ್ನ ಕೇಳ್ಕೆಂಡು ಬಂದು ನಂಗೆ ಹೇಳ್ಕೊಡು," ಎಂದ.

ಅಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿ ಬಿಡದಿದ್ದ ನಾನು ಮರುದಿನ ಎದ್ದು ನಿಂತು ಕೇಳಿದೆ. ನನಗೋಸ್ಕರವಾಗಿದ್ದರೆ ಖಂಡಿತ ಕೇಳುತ್ತಿರಲಿಲ್ಲ. ಸಂಜೆ ಅಜ್ಜ ತಪ್ಪು ತಪ್ಪಾಗಿ ಮಾಡುತ್ತಿದ್ದ, ನಾನು ಗದರಿ ತಿದ್ದುತ್ತಿದ್ದೆ. ಆ ವರ್ಷ ಲೆಕ್ಕದಲ್ಲಿ ಪಾಸಾದೆ. ಅಪ್ಪ ಹೊಲಿಗೆಯ ಮಾತು ಎತ್ತಲಿಲ್ಲ.

ಈಗ ನಾನೇ ಭರಮಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಹೋದ ವರ್ಷ ನೋಡಲು ಹೋದಾಗ ಅಜ್ಜ ಹಾಸಿಗೆ ಹಿಡಿದಿದ್ದ. ನಾಲ್ಕು ಮಕ್ಕಳನ್ನು ಬಿಟ್ಟು ನನ್ನ ಕ್ಲಾಸಿನವರೆಲ್ಲ ಪಾಸಾದರೆಂದು ಹೆಮ್ಮೆಯಿಂದ ಹೇಳಿದೆ.

"ಆ ನಾಲ್ಕು ಮಕ್ಳು ಎಲ್ಲಿ ತಪ್ತಾರವ್ವ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಅಜ್ಜ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಶಾಲೆಗೆ ವಾಪಸು ಬಂದವಳೇ ನಾಲ್ವರನ್ನೂ ಸಂಜೆ ಕೂರಿಸಿಕೊಳ್ಳತೊಡಗಿದೆ. ಮೂವರು ಎಲ್ಲಿ ತಪ್ಪುತ್ತಾರೆಂದು ತಿಳಿಯಿತು. ಅಷ್ಟನ್ನಾದರೂ ಹೇಳೋಣವೆಂದು ಹೊರಡುವಷ್ಟರಲ್ಲಿ ಅಜ್ಜ ತೀರಿಕೊಂಡ ಸುದ್ದಿ ಬಂತು.

ನಾಲ್ಕನೆಯವಳು ಇವತ್ತು ಎರಡನೇ ತರಗತಿಯ ಪುಸ್ತಕ ಹಿಡಿದು, ನಾಳೆಯಿಂದ ಬರುವುದಿಲ್ಲ ಮಿಸ್ ಎಂದು ನನ್ನೆದುರು ಅಳುತ್ತಿದ್ದಾಳೆ. ಅಜ್ಜ ಇರಬೇಕಿತ್ತು.