ದೊಬ್ರಿಲಾ ನಕ್ಕ ರಾತ್ರಿ

ಪಿರೋಟ್ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದ ದೊಬ್ರಿಲಾಗೆ ಕೈಯೂ ಚುರುಕು, ಬಾಯಿಯೂ ಚುರುಕು. ಅವಳು ನಕ್ಕರೆ ಎದುರಿನ ಕಸಾಯಿ ಅಂಗಡಿಯವನು ಕತ್ತಿ ಕೆಳಗಿಟ್ಟು ತಿರುಗಿ ನೋಡುತ್ತಿದ್ದ. ಟೈರ್ ಕಾರ್ಖಾನೆಯ ತಿಹೊಮಿರ್ ಮದುವೆ ಗಿದುವೆ ಅನ್ನದೆ ಅವಳ ಮನೆಗೆ ಬಂದು ಸೇರಿಕೊಂಡು ಹತ್ತಾರು ವರ್ಷವಾಗಿತ್ತು. ಬರುವಾಗ ಅವನು ತಂದದ್ದು ಒಂದು ಚರ್ಮದ ಜಾಕೆಟ್ಟು. ಜೊತೆಗೆ ಒಂದು ಕತೆ.

ಕತೆ ಇಷ್ಟೇ. ಹರೆಯದಲ್ಲಿ ಅವನೂ ಇನ್ನು ಮೂವರು ಗೆಳೆಯರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಇವನದು ಡ್ರಮ್ಸ್. ಬ್ಯಾಂಡ್ ಬೆಲ್‌ಗ್ರೇಡಿಗೆ ಹೊರಟು ನಿಂತಾಗ ಇವನ ತಾಯಿ ಹಾಸಿಗೆ ಹಿಡಿದಳು. "ನೀವು ಹೋಗ್ರೋ, ಅಮ್ಮನ್ನ ಬಿಟ್ಟು ನಾನು ಬರಲ್ಲ" ಎಂದು ಉಳಿದುಕೊಂಡ. ಉಳಿದ ಮೂವರು ದೇಶಕ್ಕೆಲ್ಲ ಹೆಸರಾದರು. ಮನೆತನ ಕಾಯುವ ಸಂತನ ಹಬ್ಬದ ದಿನ ನೆಂಟರಿಷ್ಟರು ಮೇಜಿನ ಸುತ್ತ ಕೂತು ಹಣ್ಣಿನ ಸಾರಾಯಿ ರಕಿಯಾ ಏರಿಸಿದ ಮೇಲೆ ತಿಹೊಮಿರ್ ಪ್ರತಿ ವರ್ಷ ಇದನ್ನು ಹೇಳುತ್ತಿದ್ದ. ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ, ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಆ ಬ್ಯಾಂಡು ಇವತ್ತು ಸಂಜೆ ಬೆಲ್‌ಗ್ರೇಡಿನಲ್ಲಿ ಬಾರಿಸುತ್ತದೆ ಅಂದಳು. ದೊಬ್ರಿಲಾ ಅವಳ ತಲೆ ತೊಳೆದು, ಒಣಗಿಸುವುದನ್ನೂ ಬಿಟ್ಟು, ಟವೆಲ್ ಸುತ್ತಿ ಮನೆಗೆ ಕಳಿಸಿದಳು. ಅಂಗಡಿ ಮುಚ್ಚಿ ಬಂದಾಗ ತಿಹೊಮಿರ್ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ.

"ಏಳು, ಹೊರಡು. ಬೆಲ್‌ಗ್ರೇಡಿಗೆ ಹೋಗೋಣ. ನಿನ್ನವರು ಬಾರಿಸ್ತಿದಾರಂತೆ."

"ತಲೆ ಕೆಟ್ಟಿದೆಯಾ ನಿಂಗೆ? ಒಲೆ ಮೇಲೆ ಇಷ್ಟು ಕಾಯಿ ಇದೆ."

"ಕಾಯಿ ಎಲ್ಲೂ ಓಡಿ ಹೋಗಲ್ಲ. ರಾತ್ರಿ ಅಲ್ಲೇ ಎಲ್ಲಾದರೂ ಮಲಗಿ ಬೆಳಿಗ್ಗೆ ಬರೋಣ."

ಅವನು ಬೇಡ ಬೇಡ ಅನ್ನುತ್ತಲೇ ಕೈ ತೊಳೆದ. ಒಳಗೆ ಹೋದವನು ಚರ್ಮದ ಜಾಕೆಟ್ಟು ಹಾಕಿಕೊಂಡು ಬಂದ. ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತ. ಕಾರು ಓಡಿಸುತ್ತಿದ್ದ ದೊಬ್ರಿಲಾ ಆಗಾಗ ಅವನ ಬೆರಳು ನೋಡುತ್ತಿದ್ದಳು. ಅಷ್ಟು ಹುರುಪಾಗಿ ಅವನನ್ನು ಅವಳು ಎಂದೂ ಕಂಡಿರಲಿಲ್ಲ.

ಸಭಾಂಗಣದ ಬಾಗಿಲ ಕಾವಲುಗಾರನ ಹತ್ತಿರ ಮಾತಾಡಿದವಳೂ ಅವಳೇ. ಪಿರೋಟಿನ ತಿಹೊಮಿರ್ ಬಂದಿದ್ದಾನೆ ಅಂತ ಒಳಗೆ ಹೇಳು ಎಂದು ಅವನ ಬೆನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಂಡಿನ ಹಾಡುಗಾರ ಸ್ರೆತೆನ್ ತಾನೇ ಹೊರಗೆ ಬಂದ. ನರೆತ ಕೂದಲನ್ನು ಜುಟ್ಟು ಕಟ್ಟಿದ್ದ.

"ಲೋ ತಿಹೊ! ಬದುಕಿದ್ದೀಯೇನೋ?" ಎಂದು ತಬ್ಬಿಕೊಂಡ. ಅವನನ್ನು ಮೇಲಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದ. "ಬಂದವನು ಸುಮ್ನೆ ಹೋಗಬಾರದು. ಇವತ್ತು ಒಂದು ಹಾಡು ನೀನೇ ಬಾರಿಸಬೇಕು."

ತಿಹೊಮಿರ್ ಆಗಲೇ ಜಾಕೆಟ್ಟಿನ ತೋಳು ಮಡಚತೊಡಗಿದ. ದೊಬ್ರಿಲಾಗೆ ಕಣ್ಣು ತುಂಬಿ ಬಂತು.

ಅರ್ಧ ಕಾರ್ಯಕ್ರಮ ಮುಗಿದ ಮೇಲೆ ಸ್ರೆತೆನ್ ಅವನ ಹೆಸರು ಕೂಗಿದ. ನಮ್ಮ ಮೊಟ್ಟಮೊದಲ ಡ್ರಮ್ಮರ್ ಅಂದ. ಜನ ಚಪ್ಪಾಳೆ ಹೊಡೆದರು. ಹಾಡು ಶುರುವಾಯಿತು, ಹಳೇ ಹಾಡೇ. ಆದರೆ ಈಗ ಅವರು ಅದನ್ನು ಎರಡರಷ್ಟು ವೇಗದಲ್ಲಿ ಬಾರಿಸುತ್ತಿದ್ದರು. ಮೊದಲ ಚರಣ ಮುಗಿಯುವ ಮೊದಲೇ ತಿಹೊಮಿರ್ ತಾಳದಲ್ಲಿ ಹಿಂದೆ ಬಿದ್ದ. ಹಿಡಿಯಲು ಹೋಗಿ ಹಾಡಿಗಿಂತ ಮುಂದೆ ಓಡಿದ. ಒಂದು ಕೋಲು ಕೈ ಜಾರಿ ಗಿಟಾರಿನವನ ಕಾಲ ಬಳಿ ಬಿತ್ತು. ಗಿಟಾರಿನವನು ಅದನ್ನು ಬಗ್ಗಿ ಎತ್ತಿಕೊಡಲಿಲ್ಲ.

ಸ್ರೆತೆನ್ ಕೈಯೆತ್ತಿ ಹಾಡು ನಿಲ್ಲಿಸಿದ.

"ನೋಡಿದ್ರಲ್ಲ," ಎಂದು ಮೈಕಿನಲ್ಲಿ ಜನರಿಗೆ ಹೇಳಿದ. "ಇದಕ್ಕೇ ನಾವು ಇವನಿಗೆ ಹೇಳದೆ ಪಿರೋಟ್ ಬಿಟ್ಟು ಬಂದದ್ದು. ಬೆಳಗಾಗೋ ಮೊದಲೇ ಹೊರಟ್ವಿ. ಇವನ ಮನೆ ಮುಂದೆ ಹೋಗುವಾಗ ಇಂಜಿನ್ ಶಬ್ದಕ್ಕೆ ಎದ್ದುಬಿಟ್ಟಾನು ಅಂತ, ಬೀದಿ ಮುಗಿಯೋತನಕ ವ್ಯಾನ್ ತಳ್ಕೊಂಡು ಹೋದ್ವಿ ಮಾರಾಯ್ರೇ. ಅಮ್ಮ ಹಾಸಿಗೆ ಹಿಡಿದಿದ್ದಳು ಅಂತಾನಂತೆ, ಕಲ್ಲುಗುಂಡಿನ ಹಾಗಿದ್ದಳು ಇವನ ಅಮ್ಮ. ಇವನಿಗೆ ಗೊತ್ತಾಗದ ಹಾಗೆ ನಮಗೆ ದಾರಿಗೆ ತಿಂಡಿ ಬೇರೆ ಕಟ್ಟಿಕೊಟ್ಟಿದ್ದಳು."

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ದೊಬ್ರಿಲಾ ಕೂಡ ನಕ್ಕಳು. ಬೀದಿಯಲ್ಲಿ ಉಸಿರು ಬಿಗಿಹಿಡಿದು ವ್ಯಾನ್ ತಳ್ಳುವವರು ಕಣ್ಣ ಮುಂದೆ ಬಂದಿದ್ದರು, ನಗು ಬಂದುಬಿಟ್ಟಿತು. ಎಲ್ಲರ ನಗು ಅಡಗಿದ ಮೇಲೂ ಅವಳದು ಒಂದು ಗಳಿಗೆ ಕೇಳುತ್ತಿತ್ತು. ವೇದಿಕೆಯ ಮೇಲೆ ಕೂತಿದ್ದ ತಿಹೊಮಿರ್ ತಲೆಯೆತ್ತಿ ನೇರವಾಗಿ ಅವಳ ಕಡೆ ನೋಡಿದ. ಆ ನಗುವನ್ನು ಸಾವಿರ ಜನರ ನಡುವೆಯೂ ಅವನು ಗುರುತು ಹಿಡಿಯಬಲ್ಲ.

ರೈಲು ನಿಲ್ದಾಣದ ಬಳಿಯ ಅಗ್ಗದ ಕೋಣೆಯಲ್ಲಿ ಗೋಡೆ ಕಡೆಗೆ ಮುಖ ಮಾಡಿ ಮಲಗಿದವನು ಬಾಯಿ ಬಿಟ್ಟದ್ದು ಬೆಳಿಗ್ಗೆ, ಬೇಕರಿಯಲ್ಲಿ, ಮುಂದೆ ಮಾಂಸ ತುಂಬಿದ ಪದರು ರೊಟ್ಟಿ ಬುರೆಕ್ಕೂ ಮೊಸರೂ ಬಂದ ಮೇಲೆ.

"ನಕ್ಕೆಯಲ್ಲ."

"ಎಲ್ಲರೂ ನಕ್ಕರು."

"ಎಲ್ಲರ ವಿಷಯ ನಾನು ಕೇಳ್ಲಿಲ್ಲ."

ಅವಳಿಗೆ ರೇಗಿತು. ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. "ನಂಗೆ ಮೊದಲೇ ಗೊತ್ತಿತ್ತು ಕಣೋ," ಅಂದಳು. "ಸ್ರೆತೆನ್ ಅಕ್ಕ ನನ್ನ ಅಂಗಡಿಗೇ ಬರ್ತಾಳೆ. ವ್ಯಾನ್ ವಿಷಯ ಊರಿಗೆಲ್ಲ ಗೊತ್ತು."

ಅವನು ಚಮಚ ಕೆಳಗಿಟ್ಟ. "ಹಂಗಾದ್ರೆ ಪ್ರತಿ ಹಬ್ಬಕ್ಕೂ ನಾನು ಹೇಳುವಾಗ..."

"ಕೇಳ್ತಿದ್ವಿ. ಪಾಪ ಅಂತ."

ಅಂಗಡಿಯವಳು ಬಂದು ಪಕ್ಕದ ಮೇಜು ಒರೆಸಿ ಹೋದಳು.

"ಗೊತ್ತಿದ್ದೂ ಕರ್ಕೊಂಡು ಬಂದ್ಯಾ?"

ನಿನಗೆ ಖುಷಿಯಾಗಲಿ ಅಂತ ಎಂದು ಹೇಳಲು ಹೊರಟಳು. ಅದು ಸುಳ್ಳಲ್ಲ. ಆದರೆ ನಕ್ಕ ಆ ಗಳಿಗೆಯಲ್ಲಿ ಅವಳಿಗೆ ಹಗುರವಾಗಿತ್ತು, ದಿನವಿಡೀ ಬಿಗಿದಿದ್ದ ಚಪ್ಪಲಿ ಕಳಚಿದ ಹಾಗೆ. ಆ ಕತೆಯನ್ನು ಇನ್ನು ಕೇಳಬೇಕಿಲ್ಲ ಅನ್ನಿಸಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು? ಹೇಳಲಿಲ್ಲ.

ತಿಹೊಮಿರ್ ತಲೆಯಾಡಿಸಿದ. "ನಿನ್ನ ಮನೆಗೆ ಯಾಕೆ ಬಂದೆ ಗೊತ್ತಾ? ನನ್ನ ಕತೆ ಕೇಳಿ ಕಣ್ಣಲ್ಲಿ ನೀರು ಹಾಕಿದವಳು ನೀನೊಬ್ಬಳೇ ಅಂತ. ಇಲ್ಲದಿದ್ರೆ ನಿನ್ನ ಮುಖ ನೋಡಿ ಯಾರು ಬರ್ತಿದ್ರು?"

ಅಷ್ಟು ಹೇಳಿ ಅವನು ಬುರೆಕ್ ಪೂರ್ತಿ ತಿಂದು ಮುಗಿಸಿದ. ಅವಳದನ್ನೂ ಎಳೆದುಕೊಂಡು ತಿಂದ.

ಆಮೇಲೆ ಚಳಿಗಾಲವಿಡೀ ಒಂದೇ ಸೂರಿನಡಿ ಇದ್ದರು. ಅವಳು ಅಡುಗೆ ಮಾಡಿಡುತ್ತಿದ್ದಳು, ಅವನು ಉಣ್ಣುತ್ತಿದ್ದ. ಯಾರಾದರೂ ಮನೆಗೆ ಬಂದರೆ ಮಾತ್ರ ಅವನಿಗೆ ಬಾಯಿ ಬರುತ್ತಿತ್ತು. ಅವಳ ಸೊಂಟದ ಸುತ್ತಳತೆ, ಹಳ್ಳಿಯ ಉಚ್ಚಾರ, ಮಕ್ಕಳಾಗದ್ದು, ಒಂದೊಂದನ್ನೇ ಎತ್ತಿ ತಮಾಷೆ ಮಾಡಿ ಬಂದವರನ್ನು ನಗಿಸುತ್ತಿದ್ದ. ಚೆನ್ನಾಗಿಯೇ ನಗಿಸುತ್ತಿದ್ದ. ಪಕ್ಕದ ಮನೆಯ ಮಿಲುಂಕಾ, "ಯಾಕೆ ಸಹಿಸ್ಕೊಳ್ತೀಯೇ, ಹೊರಗೆ ಹಾಕಬಾರದಾ?" ಎಂದು ಕೇಳಿದ್ದಕ್ಕೆ, "ನಾನು ನಕ್ಕಾಯ್ತು, ಅವನ ಸರದಿ ಮುಗೀಲಿ ಬಿಡು" ಅಂದಳು ದೊಬ್ರಿಲಾ.

ಫೆಬ್ರವರಿಯಲ್ಲಿ ಅವನು ದಿಮಿತ್ರೋವ್‌ಗ್ರಾದಿನ ತಂಗಿಯ ಮನೆಯಲ್ಲೇ ಇರುತ್ತೇನೆಂದು ಹೊರಟ. ಚೀಲ ಭಾರವಾಗಿತ್ತು, ಒಂದು ಹಿಡಿಯನ್ನು ಅವಳೂ ಹಿಡಿದುಕೊಂಡು ನಿಲ್ದಾಣದವರೆಗೆ ಬಂದಳು. ಅವನು ಬಸ್ ಹತ್ತಿ ಆ ಬದಿಯ ಕಿಟಕಿಗೆ ಹೋಗಿ ಕೂತ. ಈ ಬದಿಯ ಸೀಟುಗಳೆಲ್ಲ ಖಾಲಿ ಇದ್ದವು. ಬಸ್ ಮರೆಯಾಗುವವರೆಗೂ ಅವಳು ನಿಂತೇ ಇದ್ದಳು. ಮಿಲುಂಕಾ ರಸ್ತೆಯಾಚೆಯಿಂದ ನೋಡುತ್ತಿದ್ದಳು. ಅವಳ ಕಣ್ಣೆದುರು ತಾನೇ ಮೊದಲು ಬೆನ್ನು ತಿರುಗಿಸಲು ದೊಬ್ರಿಲಾಗೆ ಮನಸ್ಸಾಗಲಿಲ್ಲ. ಆಮೇಲೆ ಹೋಗಿ ಅಂಗಡಿ ತೆರೆದಳು. ಅವತ್ತು ಒಂದು ಮದುವೆಯ ಹೆಂಗಸರೆಲ್ಲ ತಲೆ ಸಿಂಗಾರ ಮಾಡಿಸಿಕೊಳ್ಳಲು ಬರುವವರಿದ್ದರು.