ಒಳ್ಳಿಗೆ ಸಿಮೆಂಟ್ ತುಂಬಿದವರು

ಹಳೇ ಓಣಿಯ ಸಿಹಿ ನೆನಪು ಬರದು ಕೊಡ್ರಿ ಅಂತ ನಮ್ಮ ಓಣಿ ಕಮಿಟಿಯವರು ಎಲ್ಲಾರ ಮೊಬೈಲಿಗೆ ಕಳಿಸ್ಯಾರ. ಪುಸ್ತಕ ಮಾಡ್ತಾರಂತ. ನಾ ನಾಕನೇತ್ತಕ್ಕ ಸಾಲಿ ಬಿಟ್ಟಾಕಿ, ಆದ್ರೂ ಬರಿಯಾಕ ಬರ್ತೈತಿ. ಸಿಹಿ ಬೇಕಂದ್ರ ಪೇಢೆ ತಿನ್ರಿ. ನಾ ಖರೆ ಬರೀತೇನಿ. ಹಾಕಿದ್ರ ಹಾಕ್ರಿ, ಬಿಟ್ರ ಬಿಡ್ರಿ.

ನಮ್ಮ ಓಣಿ ಹಳೇ ಬಾಗಲಕೋಟಿಯ ಅಂಚಿಗೆ, ಹೊಳಿ ಕಡೆ ಇತ್ತು. ನಮ್ಮ ಓಣಿ ದಾಟಿದ್ರ ಹೊಲ ಶುರು. ಈಗ ಅಲ್ಲಿ ಡ್ಯಾಮಿನ ಹಿನ್ನೀರು ನಿಂತೈತಿ. ನಮ್ಮನ್ನೆಲ್ಲಾ ಎಬ್ಬಿಸಿ ನವನಗರಕ್ಕ ಹಾಕಿದ್ರು, ಒಬ್ಬರನ್ನ ಒಂದು ಸೆಕ್ಟರಿಗೆ, ಇನ್ನೊಬ್ಬರನ್ನ ಇನ್ನೊಂದಕ್ಕ. ಬ್ಯಾಸಗ್ಯಾಗ ನೀರು ಇಳದಾಗ ಮನಿಗಳ ಬುನಾದಿ ಕಾಣ್ತಾವ. ಆವಾಗ ಬುತ್ತಿ ಕಟಗೊಂಡು ಹೋಗಿ ನಮ್ಮ ನಮ್ಮ ಬುನಾದಿ ಮ್ಯಾಲ ಕುಂತು ಉಂಡು ಬರ್ತೇವಿ. ಅಳಾವರು ಅಳ್ತಾರ. ನಾ ರೊಟ್ಟಿ ತಿಂತೇನಿ.

ಓಣಿ ನಡುವ, ಬೇವಿನ ಗಿಡದ ಬುಡಕ, ಒಂದು ಒಳ್ಳು ಇತ್ತು. ದೊಡ್ಡ ಕರೇ ಕಲ್ಲು, ಅದರ ನಡುವ ಮೊಳ ಆಳದ ಕುಣಿ. ಯಾರ ಮನೀದೂ ಅಲ್ಲ, ಎಲ್ಲಾರದು. ವರ್ಷದ ಖಾರ ಅದ್ರಾಗ ಕುಟ್ಟತಿದ್ವಿ. ಇಬ್ಬರು ಎದುರು-ಬದುರು ನಿಂದ್ರಬೇಕು. ಒಬ್ಬಾಕಿ ಒನಕಿ ಏರಿದಾಗ ಇನ್ನೊಬ್ಬಾಕೀದು ಇಳೀಬೇಕು. ಲೆಕ್ಕ ತಪ್ಪಿದ್ರ ಒನಕಿಗೆ ಒನಕಿ ಬಡದು ಮುಂಗೈ ಜುಂ ಅಂತಿತ್ತು.

ಕಮಿಟಿಯವರು ಈಗ ಅದರ ಮುಂದ ಬೋರ್ಡು ನಿಲ್ಲಿಸಿ, ಅದರ ಮ್ಯಾಲ ‘ನಮ್ಮ ತಾಯಂದಿರು ಹಾಡುತ್ತ ಕುಟ್ಟಿದ ಪವಿತ್ರ ಒಳ್ಳು’ ಅಂತ ಬರಸ್ಯಾರ. ಯಾವ ಹಾಡು? ಮೆಣಸಿನಕಾಯಿ ಘಾಟಿಗೆ ಬಾಯಿ ತೆರದ್ರ ಕೆಮ್ಮು. ಸೆರಗು ಮೂಗಿಗೆ ಕಟಗೊಂಡು, ಸೀನಕೋತ, ಕಣ್ಣಾಗ ನೀರು ಸುರಿಸಕೋತ, ಅತ್ತಿಯನ್ನೂ ನಾದಿನಿಯನ್ನೂ ಬೈಕೋತ ಕುಟ್ಟತಿದ್ರು. ಇದನ್ನ ಬರೀರಿ ಬೋರ್ಡಿನ ಮ್ಯಾಲ.

ಇನ್ನೊಂದು ರಿವಾಜು ಇತ್ತು, ಅದು ಕಮಿಟಿಯವರಿಗೆ ಯಾರಿಗೂ ನೆನಪಿಲ್ಲ. ಎಲ್ಲಾ ಗಂಡಸರು, ಎಲ್ಲಿಂದ ಇರ್ತೈತಿ? ಒಬ್ಬಾಕಿ ಖಾರ ತಂದು ಒಳ್ಳಿನ ಮುಂದ ನಿಂತ್ರ, ಆಕಿ ಹಿಂದ ಪಾಳಿಗೆ ಬಂದಾಕಿ ಜೋಡಿ ಒನಕಿ ಹಿಡೀಬೇಕು. ಮಾತು ಬಿಟ್ಟಿದ್ರೂ ಹಿಡೀಬೇಕು. ನಮ್ಮವ್ವ ಮೂಲಿಮನಿಯ ದೊಡ್ಡವ್ವನ ಜೋಡಿ ಕೋಳಿ ಸಲುವಾಗಿ ಜಗಳಾಡಿ ಒಂದು ಹಂಗಾಮು ಮಾತು ಬಿಟ್ಟಿದ್ಲು. ಖಾರದ ದಿನ ಇಬ್ಬರೂ ಮುಖ ಗಂಟು ಹಾಕ್ಕೊಂಡು ಎದುರು ನಿಂತ್ರು. ನಾ ಕಟ್ಟಿ ಮ್ಯಾಲ ಕುಂತು ನೋಡಾಕತ್ತಿದ್ದೆ. ಸ್ವಲ್ಪ ಹೊತ್ತಿಗೆ ದೊಡ್ಡವ್ವ, “ಮೆಲ್ಲಕ ಹೊಡಿಯ ಹುಚ್ಚಿ, ನನ್ನ ಕಾಲು ಜಜ್ಜೀ” ಅಂದ್ಲು. ಅವ್ವ, “ಜಜ್ಜಿದ್ರ ಕೋಳಿ ಹುಡಕಿ ನಮ್ಮ ಹಿತ್ತಲಕ್ಕ ಬರೂದು ತಪ್ಪತೈತಿ” ಅಂದ್ಲು. ಮುಗೀತು. ಯಾರೂ ತಪ್ಪಾತು ಅನ್ನಲಿಲ್ಲ, ಯಾರೂ ಕಾಲಿಗೆ ಬೀಳಲಿಲ್ಲ. ಮಾತು ಶುರು ಆತು ಅಷ್ಟ.

ನನಗ ಜೋಡಿ ಅಂದ್ರ ಬಾಜೂಮನಿಯಾಕಿ. ಅವರ ಮನಿ ರಂಜಾನ್ ಹಬ್ಬದ ಸುರಕುಂಬಾ ಕುಡದು ನಾ ಬೆಳದೆ, ನಮ್ಮ ಮನಿ ಹೋಳಿಗಿ ತಿಂದು ಆಕಿ ಬೆಳದ್ಲು. ನಾ ಎಡಚಿ. ಎಡಗೈಯಾಕಿ ಎದುರು ಕುಟ್ಟೂದು ಬ್ಯಾರೆ ಯಾರಿಗೂ ಬರ್ತಿದ್ದಿಲ್ಲ, ಆಕಿಗೆ ಒಬ್ಬಾಕಿಗೇ ಬರ್ತಿತ್ತು. ಸಣ್ಣವರಿದ್ದಾಗ ಅದ ಒಳ್ಳಿನ್ಯಾಗ ಹಂಚಿನ ಚೂರು ಹಾಕಿ ಕುಟ್ಟಿ ಕಲತಿದ್ವಿ. ಲಗ್ನ ಆದ ಮ್ಯಾಲೂ ಇಬ್ಬರೂ ಅದ ಓಣ್ಯಾಗ ಬಾಜೂ ಬಾಜೂ ಮನಿಗೇ ಸೊಸಿಯಾಗಿ ಹೋದ್ವಿ.

ಓಣಿ ಬಿಡೂ ಮುಂದ ಎಲ್ಲಾರೂ ಮನಿ ಕಿತ್ತು ಕಲ್ಲು, ತೊಲಿ, ಬಾಗಿಲು ಒಯ್ಯಾಕತ್ತಿದ್ರು. ನಮ್ಮ ಎರಡೂ ಮನಿಗೆ ನಡುವಿನ ಗ್ವಾಡಿ ಒಂದೇ. ಆಕಿ ಗಂಡ ಮುಂಜಾನೆ ನಾವು ಏಳೂದ್ರಾಗ ಆ ಗ್ವಾಡಿ ಕಲ್ಲು ಅಷ್ಟೂ ಬಂಡಿಗೆ ಹೇರಿದ. ನನ್ನ ಗಂಡ ಹೋಗಿ ಬಂಡಿ ತಡದ. ಬಾಯಿಗೆ ಬಂದಂಗ ಆಡಿದ್ರು. ಆಮ್ಯಾಲ ಅವರು ಒಂದು ಸೆಕ್ಟರ್, ನಾವು ಒಂದು ಸೆಕ್ಟರ್. ಇಬ್ಬರು ಗಂಡಸರೂ ಸತ್ತು ಹೋದ್ರು. ಸಿಟ್ಟು ನಮ್ಮಿಬ್ಬರ ಕಡೆ ಉಳೀತು. ಮದುವಿ-ಮುಂಜಿವಿಯೊಳಗ ಕಂಡ್ರೂ ನಾ ಈ ಕಡೆ ನೋಡ್ತಿದ್ದೆ, ಆಕಿ ಆ ಕಡೆ.

ಈ ಬ್ಯಾಸಗ್ಯಾಗ ನೀರು ಇಳದಾಗ ಕಮಿಟಿಯವರು ಆ ಒಳ್ಳು ಟ್ರ್ಯಾಕ್ಟರಿನ್ಯಾಗ ತಂದು ನವನಗರದ ಒಂದು ಗಾರ್ಡನ್ನಿನ್ಯಾಗ ಇಟ್ರು. ಓಣಿಯ ವಾಟ್ಸಾಪ್ ಗ್ರೂಪಿನ್ಯಾಗ ಫೋಟೋ ಬಂತು. ಖರೆ ಹೇಳ್ತೇನಿ, ಅವತ್ತು ಕಮಿಟಿಯವರಿಗೆ ಶಾಣ್ಯಾರು ಅಂದಿದ್ದೆ. ಕೆರೂರ ಸಂತಿಗೆ ಹೋಗಿ ಮೆಣಸಿನಕಾಯಿ ತಂದೆ. ಮಾಳಿಗಿ ಮ್ಯಾಲ ಒಣಗಿಸಿದೆ, ತೊಟ್ಟು ತಗದೆ, ಕೊಬ್ಬರಿ-ಕೊತ್ತಂಬರಿ ಹುರದೆ. ಮೊಮ್ಮಗಳ ಕಡೆಯಿಂದ ಗ್ರೂಪಿಗೆ ಹಾಕಿಸಿದೆ: ಶುಕ್ರವಾರ ಮುಂಜಾನೆ ಒಳ್ಳಿಗೆ ಖಾರ ತರ್ತೇನಿ, ಜೋಡಿ ಹಿಡಿಯಾಕಿ ಬರ್ಲಿ. ಯಾರಿಗೆ ಹೇಳಿದ್ದು ಅಂತ ಆಕಿಗೆ ಗೊತ್ತಾಗ್ತೈತಿ. ನಾ ಆಕಿ ಮನಿ ಬಾಗಿಲಿಗೆ ಹೋಗಾಕಿ ಅಲ್ಲ, ಆಕೀನೂ ಬರಾಕಿ ಅಲ್ಲ. ಒಳ್ಳಿನ ಮುಂದಾದ್ರ ಬರಬಹುದು.

ಶುಕ್ರವಾರ ಹೋಗಿ ನೋಡ್ತೇನಿ, ಒಳ್ಳಿನ ಕುಣಿ ತುಂಬ ಸಿಮೆಂಟ್. ಮ್ಯಾಲ ಹಸರು ಪೇಂಟ್, ಸುತ್ತ ಸ್ಟೀಲಿನ ಸರಪಳಿ, ‘ಮುಟ್ಟಬೇಡಿ’ ಅಂತ ಬೋರ್ಡು. ಕಮಿಟಿಯ ಮುಖ್ಯಸ್ಥ ಅಲ್ಲೇ ಇದ್ದ. ಮೂಲಿಮನಿಯ ಹುಡುಗ, ಈಗ ಮೊಮ್ಮಕ್ಕಳು ಅದಾವ ಅವಗ.

“ಇದೇನೋ ತಮ್ಮಾ?” ಅಂದೆ.

“ಮಳಿಗಾಲದಾಗ ನೀರು ನಿಲ್ತೈತಿ ಅಕ್ಕಾ. ಸೊಳ್ಳಿ ಆಗ್ತಾವ, ಡೆಂಗಿ ಬಂದ್ರ ಯಾರು ಹೊಣಿ? ಅದಕ್ಕ ನೀಟಾಗಿ ಮುಚ್ಚಿಸೇವಿ. ನೆನಪು ಉಳೀತಲ್ಲ?”

“ಕುಣಿ ಇಲ್ಲದ ಒಳ್ಳಿಗೆ ಏನಂತಾರೋ? ಬರೇ ಗುಂಡಗಲ್ಲು ಅಂತಾರ. ನಿಮ್ಮ ಮನಿ ಬಚ್ಚಲಕ್ಕೂ ಸಿಮೆಂಟ್ ತುಂಬಿಸಿ ನೆನಪಿಗೆ ಇಟಗೋ ಹೋಗು.”

“ಖಾರಕ್ಕ ಗಿರಣಿ ಐತಲ್ಲ ಅಕ್ಕಾ, ಯಾಕ ಸಿಟ್ಟಾಗ್ತೀ?”

“ಗಿರಣ್ಯಾಗ ನನ್ನ ಎದುರು ಯಾರು ನಿಂದ್ರತಾರೋ?”

ಅವಗ ತಿಳೀಲಿಲ್ಲ. ತಿಳಿಯೋ ತಲಿ ಇದ್ದಿದ್ರ ಸಿಮೆಂಟ್ ಕಲಸ್ತಿದ್ದಿಲ್ಲ. ಗಿಡ ಹಚ್ಚಾಕ ತಂದ ಕಬ್ಬಿಣದ ಹಾರಿ ಅಲ್ಲೇ ಬಿದ್ದಿತ್ತು. ತಗೊಂಡೆ, ಸರಪಳಿ ದಾಟಿದೆ, ಎತ್ತಿ ಸಿಮೆಂಟಿನ ನಡುವ ಹೊಡದೆ. “ಯಕ್ಕಾ! ಪೇಂಟ್ ಹೋಗ್ತೈತಿ!” ಅಂತ ಚೀರಿದ. ವಾಕಿಂಗಿಗೆ ಬಂದವರು ಮೊಬೈಲ್ ತಗದು ವಿಡಿಯೋ ಮಾಡಾಕತ್ರು. ಮಾಡ್ರಿ ಅಂದೆ. ಮತ್ತ ಹೊಡದೆ. ಬಣ್ಣ ಎದ್ದಿತು, ಸಿಮೆಂಟ್ ಅಳ್ಳಾಡಲಿಲ್ಲ. ರಟ್ಟಿ ಸೋತು ಬಂತು.

ಹಿಂದಿಂದ ಒಂದು ದನಿ: “ಎಡಗೈಲೆ ಹಂಗ ಹೊಡದ್ರ ಹಪ್ಪಳನೂ ಮುರಿಯಂಗಿಲ್ಲ.”

ಬಾಜೂಮನಿಯಾಕಿ. ಮೊಣಕಾಲು ಹಿಡಕೊಂಡು ನಿಂತಿದ್ಲು, ಬಗಲಾಗ ಒನಕಿ. ಒನಕಿ ತಂದಾಳಂದ್ರ ಖಾರಕ್ಕ ಬಂದಾಕಿ. ಆಕಿ ಮುಖ್ಯಸ್ಥನ ಕಡೆ ತಿರುಗಿ, “ನೋಡಕೋತ ಏನ್ ನಿಂತೀಯೋ? ಇನ್ನೊಂದು ಹಾರಿ ತಾ” ಅಂದ್ಲು. ಅವ ತಂದ. ತರದ ಎಲ್ಲಿ ಹೋಗ್ತಾನ?

ಎದುರು-ಬದುರು ನಿಂತ್ವಿ. ನಂದು ಏರಿದಾಗ ಆಕೀದು ಇಳೀತು. ಒಂದು ಸಲ ಸುದ್ದಾ ಹಾರಿಗೆ ಹಾರಿ ಬಡೀಲಿಲ್ಲ. ಒಂದು ಕಡೆ ಸಿಮೆಂಟ್ ಬಿರಕು ಬಿಟ್ಟು ಬೊಗಸಿ ತುಂಬ ಚೂರು ಎದ್ದಿತು.

“ಆ ಗ್ವಾಡಿ ಕಲ್ಲು ಅರ್ಧ ನಮ್ಮವು,” ನಾ ಅಂದೆ.

“ಒಂದೂ ನಿಮ್ಮವಲ್ಲ. ಗ್ವಾಡಿ ಕಟ್ಟಿಸಿದಾವ ನಮ್ಮ ಮಾವ.”

“ನಿಮ್ಮ ಮಾವ ಕಟ್ಟಿಸಿದ್ನಾ? ಮಣ್ಣು ಹೊತ್ತಾಕಿ ನಮ್ಮತ್ತಿ.”

“ಹೊತ್ತಿದ್ರ ಮಣ್ಣು ತಗೊಂಡು ಹೋಗು. ಕಲ್ಲು ಯಾಕ ಕೇಳ್ತಿ?”

ಬಿಸಲು ಏರೂ ತನ ಹೊಡದ್ವಿ, ಬಿಸಲು ಏರೂ ತನ ಜಗಳಾಡಿದ್ವಿ. ಅವತ್ತು ಖಾರ ಆಗಲಿಲ್ಲ, ಚೀಲ ವಾಪಸ್ ತಂದೇನಿ. ಕುಣ್ಯಾಗ ಇನ್ನೂ ಅರ್ಧ ಸಿಮೆಂಟ್ ಐತಿ. ಕಮಿಟಿಯವರ, ಮತ್ತ ಅದರ ಮ್ಯಾಲ ಸಿಮೆಂಟ್ ಹಾಕಿದ್ರ ನಿಮ್ಮ ಬೋರ್ಡನ್ನೂ ಕೀಳ್ತೇನಿ. ಗ್ವಾಡಿ ಕಲ್ಲಿನ ಮಾತು ಇನ್ನೂ ಮುಗಿದಿಲ್ಲ, ನನಗ ಆ ಒಳ್ಳು ಬೇಕು.