ಶಿವದಾರದ ತುದಿಯ ಸುತ್ತಿಗೆ

ಸಿಂಧನೂರಿನ ಜಿಮ್ಮಿಗೆ ಸೇರಿದ ಮೇಲೆ ನನ್ನ ತಮ್ಮ ವೈಕಿಂಗ್ ಆದ. ಗಡ್ಡ ಬಿಟ್ಟ, ತಲೆಯ ಎರಡೂ ಬದಿ ಬೋಳಿಸಿ ನಡುವಿನ ಕೂದಲಿಗೆ ಜಡೆ ಹಾಕಿಸಿಕೊಂಡ, ಬೈಕಿನ ಟ್ಯಾಂಕಿಗೆ ಕೊಂಬಿನ ಟೋಪಿಯ ಸ್ಟಿಕ್ಕರ್ ಅಂಟಿಸಿದ. ನಮ್ಮೂರು ಮಸ್ಕಿಯ ಬಿಸಿಲಿನಲ್ಲಿ ಆ ಗಡ್ಡ ನೋಡಿದರೆ ನನಗೇ ತುರಿಕೆ ಆಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು, ಬಾಯಿ ಸುಮ್ಮನಿರುವುದಿಲ್ಲ. "ಸಾವಿರ ವರ್ಷದ ಹಿಂದಿನ ಆ ಯುರೋಪಿನ ಮಂದಿ ಕೊಂಬಿನ ಟೋಪಿ ಹಾಕೊಂತಿದ್ದಿಲ್ಲಲೇ. ಭಾಳ ಮಂದಿ ಹೊಲಾ ಮಾಡ್ಕೊಂಡು ಇದ್ರು. ಹಡಗು ಹತ್ತಿ ಹೋದೋರು ಮಠಾ ಲೂಟಿ ಮಾಡಿ, ಹಿಡದ ಮಂದೀನ ಮಾರತಿದ್ರು" ಎಂದೆ.

"ನಿನಗ ಎಲ್ಲಾದರಾಗೂ ಪಾಠನಾ ಅಕ್ಕಾ. ಯಾರಿಗೂ ಅಂಜದ ಗಂಡಸರು ಅವ್ರು" ಎಂದ. ಅವನ ಮೊಬೈಲಿನ ವಿಡಿಯೊದಲ್ಲಿ ಅವರು ನಿಧಾನವಾಗಿ ನಡೆದು ಬರುತ್ತಿದ್ದರು, ಹಿನ್ನೆಲೆಗೆ ನಗಾರಿ. ಸುಟ್ಟುಹೋದ ಮಠದೊಳಗಿನವರ ಮುಖ ಒಮ್ಮೆಯೂ ಬರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಅವ್ವನ ಕಣ್ಣು ಮಂಜಾಗಿವೆ. ದಿನಾ ಪೂಜೆ ಮುಗಿಸಿ, ತಮ್ಮನ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಅವಳಿಗೆ ಚಹಾ. ಅಪ್ಪ ತೀರಿದ ಮೇಲೆ ಅವಳಿಗೆ ಉಳಿದ ಸಮಾಧಾನ ಅದೊಂದೇ.

ಒಂದು ಬೆಳಿಗ್ಗೆ ಅವಳ ಬೆರಳು ನಿಂತವು. ಕರಡಿಗೆ ಕಟ್ಟಿದ್ದ ಶಿವದಾರ ಅದೇ. ತುದಿಯಲ್ಲಿ ಮಾತ್ರ ಆನ್‌ಲೈನಿನಲ್ಲಿ ತರಿಸಿದ ವೈಕಿಂಗರ ದೇವರ ಪುಟ್ಟ ಸುತ್ತಿಗೆ.

"ಲಿಂಗ ಎಲ್ಲೈತಿ?"

"ಜಿಮ್ಮಿನ ಬ್ಯಾಗಿನ್ಯಾಗ ಇಟ್ಟಿದ್ದೆ ಬೇ. ಎಲ್ಲೋ ಬಿದ್ದು ಹೋತು."

"ಮತ್ತ ಇದು ಯಾರದು?"

ತಮ್ಮ ನನ್ನ ಕಡೆ ನೋಡಿದ. ನಾನು ಮುಚ್ಚಿಡಲಿಲ್ಲ. "ಮಠಾ ಲೂಟಿ ಮಾಡಿದೋರ್ದು" ಎಂದೆ.

ಲಿಂಗ ಕಳೆದರೆ, ಸಿಗುವ ತನಕ ಬಾಯಿಗೆ ನೀರೂ ಹಾಕಬಾರದು ಎನ್ನುವುದು ನಮ್ಮ ಹಿರಿಯರ ನಡೆ. ಕಳಕೊಂಡವನು ಪ್ರೋಟೀನ್ ಪುಡಿ ಕಲಸಿ ಕುಡಿದ. ಉಪವಾಸ ಕೂತವಳು ಅವ್ವ. ನಾನು ಸಿಟ್ಟಿನಲ್ಲೇ ಬಸ್ಸು ಹತ್ತಿ ಹೋಗಿ ಆ ಜಿಮ್ಮಿನ ಮೂಲೆ ಮೂಲೆ ಹುಡುಕಿದೆ. ಸಿಗಲಿಲ್ಲ. ಸಂಜೆ ಅವ್ವ ತಾನೇ ನೀರು ಕೇಳಿದಳು.

"ಹೊಸಾದು ಕಟ್ಟಸೂಣು ಬೇ, ಸ್ವಾಮ್ಯಾರಿಗೆ ಹೇಳ್ತೀನಿ" ಎಂದೆ.

"ಕಟ್ಟಾಕ ಕೊರಳ ಎಲ್ಲೈತಿ ಯವ್ವಾ?" ಎಂದಳು. ನನಗೆ ಅಳು ಬಂತು.

ಮರುದಿನ ಪೂಜೆಯ ಹೊತ್ತಿಗೆ ತಮ್ಮ ಎಂದಿನಂತೆ ಬಂದು ಅವಳ ಮುಂದೆ ಕೊರಳು ಬಾಗಿಸಿದ. ಸುತ್ತಿಗೆ ತೂಗಾಡುತ್ತಿತ್ತು. ಅವ್ವ ಕೈ ಚಾಚಲಿಲ್ಲ. ಚಹಾ ಕೇಳಿದಳು.